‘ಎಲ್ಲ ಹಕ್ಕು, ಎಂದೆಂದಿಗೂ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಬಹುದೇ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದಲ್ಲಿ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಎರಡು ವರ್ಷದ ಹಿಂದೆ ನನ್ನದೊಂದು ವೈಜ್ಞಾನಿಕ ಕಾದಂಬರಿ ಪುಸ್ತಕವಾಗಿ ಬಂತು. 2090ರಲ್ಲಿ ಆಲಮಟ್ಟಿ ಹಿನ್ನೀರು ಬತ್ತಿ, ಮುಳುಗಡೆಯಾಗಿದ್ದ ಹಳೇ ಊರಿನ ಓಣಿಗಳು ಮೇಲೆ ಬರುತ್ತವೆ. ಗೋಡೆಗಳಲ್ಲಿ ಉಳಿದ ಹಳೆಯ ದನಿಗಳನ್ನು ಓದುವ ಯಂತ್ರ ಹಿಡಿದು ಒಬ್ಬ ಹುಡುಗಿ ತನ್ನ ಮುತ್ತಜ್ಜಿಯ ಮನೆ ಹುಡುಕುತ್ತಾಳೆ. ಇದು ಕಥೆ. 500 ಪ್ರತಿ ಹಾಕಿಸಿದ್ದೆವು. ಈಗ ಬೆಂಗಳೂರಿನ ಒಂದು ಸಂಸ್ಥೆ ಇದನ್ನು ಒಟಿಟಿಗೆ ಎಂಟು ಕಂತಿನ ಸೀರೀಸ್ ಮಾಡುತ್ತೇವೆ ಎಂದು ಬಂದಿದೆ. ಒಂದೇ ಸಲಕ್ಕೆ ₹75,000 ಕೊಡುತ್ತಾರಂತೆ. ಒಂಬತ್ತು ಪುಟದ ಇಂಗ್ಲಿಷ್ ಅಗ್ರಿಮೆಂಟ್ ಕಳಿಸಿ, ವಾರದೊಳಗೆ ಸಹಿ ಮಾಡಿ ಎಂದಿದ್ದಾರೆ. ಎರಡನೇ ಭಾಗದ ಕಥೆ ಕೇಳಿದರು, ಅದನ್ನೂ ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ. ಕಾಪಿರೈಟ್ ನೋಂದಣಿ ಮಾಡಿಸಿಲ್ಲ. ‘ನೀ ಒಲ್ಲೆ ಅಂದ್ರ ಹೆಸರು ಬದಲಿಸಿ ಅವರೇ ಮಾಡ್ಕೋತಾರ, ಬಂದಷ್ಟು ತಗೋ’ ಎನ್ನುತ್ತಾನೆ ಅಣ್ಣ. ಪ್ರಕಾಶಕರು ‘ಸಿನಿಮಾ ಹಕ್ಕಿನಲ್ಲಿ ನಮ್ಮದೂ ಅರ್ಧ’ ಎನ್ನುತ್ತಾರೆ. ಅವರ ಜೊತೆ ಬರವಣಿಗೆಯಲ್ಲಿ ಏನೂ ಇಲ್ಲ. ಕಥೆಯನ್ನು ಬೇರೆಲ್ಲಿಗೋ ಒಯ್ದು ಮುಳುಗಡೆಯನ್ನೇ ತೆಗೆದುಬಿಟ್ಟರೆ ಏನು ಮಾಡುವುದು? ಮುಂದಿನ ಭಾಗ ನಾನೇ ಬರೆಯಬಹುದಾ? ಇದೇ ಚಿಂತೆಯಲ್ಲಿ ನಿದ್ದೆ ಬರುತ್ತಿಲ್ಲ. ಕರಡಿನ ಪ್ರತಿ ಇದರೊಂದಿಗೆ ಕಳಿಸಿದ್ದೇನೆ.
— ಒಬ್ಬ ಓದುಗರು, ನವನಗರ

ಉತ್ತರ: ಮೊದಲು ಸಮಾಧಾನದ ಮಾತು. ನೀವು ಇನ್ನೂ ಸಹಿ ಹಾಕಿಲ್ಲ. ಹಾಗಾಗಿ ಇವತ್ತಿನವರೆಗೆ ಏನೂ ಕಳೆದುಕೊಂಡಿಲ್ಲ. ಕಾದಂಬರಿಯ ಎಲ್ಲ ಹಕ್ಕೂ ನಿಮ್ಮ ಹತ್ತಿರವೇ ಇದೆ. ಕಥೆ ಕದಿಯುತ್ತಾರೆ ಅನ್ನೋದು ನಿಮ್ಮ ದೊಡ್ಡ ಭಯ. ಕರಡು ಓದಿದ ಮೇಲೆ ನನಗಿರುವ ಆತಂಕ ಬೇರೆ. ಅವರು ಸೀರೀಸ್ ಮಾಡದೇ ಸುಮ್ನೆ ಕೂತರೆ ನಿಮ್ಮ ಕಥೆ ಯಾರಿಗೂ ಸಿಗದಂತೆ ಅವರ ಕಪಾಟಿನಲ್ಲೇ ಉಳಿದುಬಿಡುತ್ತದೆ. ವೈಜ್ಞಾನಿಕ ಕಥೆಗಳಲ್ಲಿ ಹೀಗಾಗುವುದೇ ಜಾಸ್ತಿ. ಅದಕ್ಕೆ ಆಮೇಲೆ ಬರುತ್ತೇನೆ.

ನೋಂದಣಿಯ ವಿಷಯ ಬೇಗ ಮುಗಿಸೋಣ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಅದರ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಬರೆದವರು ಬದುಕಿರುವವರೆಗೆ, ತೀರಿಕೊಂಡ ಮುಂದಿನ ವರ್ಷದಿಂದ ಮತ್ತೆ 60 ವರ್ಷ, ಅದು ಉಳಿಯುತ್ತದೆ. ಹಾಗಿದ್ದರೂ ನೋಂದಣಿ ಮಾಡಿಸಿ ಎಂದೇ ಹೇಳುತ್ತೇನೆ. ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷ್ಯವಾಗಿ ನಿಲ್ಲುತ್ತದೆ. ಸಾಹಿತ್ಯ ಕೃತಿಗೆ ಶುಲ್ಕ ₹500, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಎರಡನೇ ಭಾಗದ ಕಥಾಸಾರವನ್ನೂ ಬೇರೆಯಾಗಿ ನೋಂದಾಯಿಸಿ. ಹಸ್ತಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ತಮಗೆ ತಾವೇ ಕಳಿಸಿಕೊಂಡು, ಲಕೋಟೆ ಒಡೆಯದೆ ಇಟ್ಟುಕೊಂಡವರು ನನ್ನ ಬಳಿ ಬರುತ್ತಾರೆ. ಹಾಗೆ ಮಾಡಿದರೆ ಹಕ್ಕು ಹುಟ್ಟುತ್ತದೆ ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಿಮ್ಮ ಅಂಗಡಿಯ ಕಂಪ್ಯೂಟರಿನಲ್ಲಿರುವ ಹಳೆಯ ಫೈಲುಗಳು, ಪ್ರೂಫ್ ತಿದ್ದಿದ ಹಾಳೆಗಳು, ಪ್ರೆಸ್ಸಿಗೆ ಕಳಿಸಿದ ಮೇಲ್, ಇವು ಆ ಲಕೋಟೆಗಿಂತ ಎಷ್ಟೋ ಗಟ್ಟಿ. ಒಂದನ್ನೂ ಅಳಿಸಬೇಡಿ.

ಪ್ರಕಾಶಕರ ಅರ್ಧ ಪಾಲಿನ ಮಾತಿಗೂ ಆಧಾರವಿಲ್ಲ. ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಬರವಣಿಗೆ ಇರಬೇಕು, ಕೊಡುವವರ ಸಹಿ ಇರಬೇಕು. ಕಲಂ 19 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಾಯಿಮಾತಿನಲ್ಲಿ ಪುಸ್ತಕ ಹಾಕಿದವರಿಗೆ ಸೀರೀಸಿನ ಹಕ್ಕಿನಲ್ಲಿ ಪಾಲು ಹುಟ್ಟುವುದಿಲ್ಲ. ಆದರೂ ಪುಸ್ತಕದ ಎರಡನೇ ಪುಟ ತೆಗೆದು ನೋಡಿ. ಬೆಲೆ, ಪುಟ, ಪ್ರತಿಗಳ ಲೆಕ್ಕ ಇರುವ ಕಡೆ ‘ಹಕ್ಕುಗಳು: ಲೇಖಕರದು’ ಎಂದಿದೆಯೋ ‘ಪ್ರಕಾಶಕರದು’ ಎಂದಿದೆಯೋ? ‘ಪ್ರಕಾಶಕರದು’ ಎಂದು ಅಚ್ಚಾಗಿದ್ದರೂ ಅಷ್ಟಕ್ಕೇ ಹಕ್ಕು ಅವರದಾಗುವುದಿಲ್ಲ. ಆದರೆ ಸೀರೀಸ್ ಕೊಳ್ಳುವವರ ವಕೀಲರು ಆ ಸಾಲನ್ನು ಹಿಡಿದು ಪ್ರಶ್ನೆ ಕೇಳುತ್ತಾರೆ. ಹೀಗಾಗಿ ಪ್ರಕಾಶಕರ ಜೊತೆ ಜಗಳ ಮಾಡಬೇಡಿ. ‘ಈ ಕಾದಂಬರಿಯ ಚಲನಚಿತ್ರ, ಸೀರೀಸ್ ಹಕ್ಕಿನ ಮೇಲೆ ನಮ್ಮ ತಕರಾರಿಲ್ಲ’ ಎಂದು ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಿ. ನಿಮ್ಮ ಪುಸ್ತಕವನ್ನು ನಂಬಿ 500 ಪ್ರತಿ ಹಾಕಿದವರು ಅವರು. ಮರುಮುದ್ರಣದ ಹಕ್ಕನ್ನು ಅವರಿಗೇ ಬರವಣಿಗೆಯಲ್ಲಿ ಕೊಡುತ್ತೇನೆ ಎಂದರೆ ಮಾತು ಸುಲಭವಾಗಿ ಬಗೆಹರಿಯಬಹುದು. ಮುಖಪುಟದ ಚಿತ್ರ ಬೇರೆಯವರು ಬರೆದಿದ್ದರೆ ಅದರ ಹಕ್ಕು ನಿಮ್ಮದಲ್ಲ. ಕರಡಿನಲ್ಲಿ ‘ಮುಖಪುಟ ಸಹಿತ’ ಎಂದಿದೆ, ಅದನ್ನು ತೆಗೆಸಿ.

ಈಗ ಅಣ್ಣನ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಕಾಯ್ದೆ ಬರೀ ಐಡಿಯಾಕ್ಕೆ ರಕ್ಷಣೆ ಕೊಡುವುದಿಲ್ಲ, ಅದನ್ನು ನೀವು ಹೆಣೆದ ರೀತಿಗೆ ಕೊಡುತ್ತದೆ. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಆರ್. ಜಿ. ಆನಂದ್ ಪ್ರಕರಣವನ್ನು ಎಲ್ಲ ವಕೀಲರೂ ಇದಕ್ಕೆ ಎತ್ತಿ ಹೇಳುತ್ತಾರೆ. ಆನಂದ್ ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಬರೆದಿದ್ದರು. ಸಿನಿಮಾ ನಿರ್ದೇಶಕರಿಗೆ ಅದನ್ನು ಪೂರ್ತಿ ಓದಿ ಹೇಳಿದ್ದರು. ಆಮೇಲೆ ‘ನ್ಯೂ ಡೆಲ್ಲಿ’ ಸಿನಿಮಾ ಬಂತು. ಪ್ರಾಂತ್ಯ ಪ್ರಾಂತ್ಯಗಳ ನಡುವಿನ ಅಸಹನೆ ಎರಡರಲ್ಲೂ ಇತ್ತು. ಆದರೆ ಹೆಣಿಗೆ ಬೇರೆ, ವಿಷಯವೊಂದೇ ಸಮಾನ ಎಂದು ಕೋರ್ಟ್ ಹೇಳಿತು. ನಾಟಕಕಾರರು ಸೋತರು.

ಇದನ್ನು ನಿಮ್ಮ ಕಾದಂಬರಿಗೆ ಹಚ್ಚಿ ನೋಡೋಣ. ಹಿನ್ನೀರು ಬತ್ತಿ ಮುಳುಗಿದ ಊರು ಮೇಲೆ ಬರುವುದು ಐಡಿಯಾ. ಅದನ್ನು ಯಾರು ಬೇಕಾದರೂ ಬರೆಯಬಹುದು. ಗೋಡೆಯಿಂದ ದನಿ ಓದುವ ಯಂತ್ರವೂ ಅಷ್ಟೇ, ಅದೊಂದೇ ಆದರೆ ಐಡಿಯಾ. ಆದರೆ ಸುಣ್ಣ ಬಳಿದ ಗೋಡೆಯಲ್ಲಿ ಕೊನೆಯ ಬಳಿತದ ಒಳಗಿನ ದನಿ ಮಾತ್ರ ಸಿಗುತ್ತದೆ ಎಂಬ ನಿಯಮ ನಿಮ್ಮದು. ಆ ನಿಯಮದಿಂದಲೇ ಹುಡುಗಿ ಮೂರು ಸಲ ತಪ್ಪು ಮನೆಗೆ ಹೋಗುವುದು, ಮುತ್ತಜ್ಜಿ ಪರಿಹಾರದ ಚೆಕ್ಕನ್ನು ವಾಪಸ್ ಒಯ್ದ ಪ್ರಸಂಗ, ಇವುಗಳ ಸರಣಿ, ಪಾತ್ರಗಳು, ಮಾತುಗಳು ನಿಮ್ಮವು. ಇವನ್ನು ಹೆಸರು ಬದಲಿಸಿ ತೆಗೆದುಕೊಂಡರೆ ತಡೆಯಾಜ್ಞೆ ಕೇಳಬಹುದು, ಹಾನಿ ಭರಿಸಿ ಎನ್ನಬಹುದು. ಅವರು ಪುಸ್ತಕ ಓದಿರಲಿಲ್ಲ ಎನ್ನುವಂತಿಲ್ಲ. ಅವರೇ ಕಳಿಸಿದ ಅಗ್ರಿಮೆಂಟಿನ ಮೇಲ್ ಅದಕ್ಕೆ ಸಾಕ್ಷಿ. ಕಾದಂಬರಿಯ ಶೀರ್ಷಿಕೆ ಮಾತ್ರ ನಿಮ್ಮ ಕೈಯಲ್ಲಿಲ್ಲ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ವಾಟ್ಸಾಪ್‌ನಲ್ಲಿ ಕಳಿಸಿದ ಎರಡನೇ ಭಾಗಕ್ಕೂ ಇದೇ ರಕ್ಷಣೆ ಇದೆ. ಆ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಮೂಲ ಫೋನ್ ಇದ್ದರೆ ಅದು ಸಲೀಸು. ಇವತ್ತೇ ಸಂಸ್ಥೆಗೆ ಒಂದು ಮೇಲ್ ಹಾಕಿ: ‘ಇಂಥ ದಿನ ನಾನು ಕಳಿಸಿದ ಕಥಾಸಾರ ನನ್ನದು, ಗೋಪ್ಯವಾಗಿಡಬೇಕು, ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ.’ ವಿನಯದ ಎರಡು ಸಾಲು ಸಾಕು.

ಇನ್ನೊಂದು ವಿಷಯ ಅಣ್ಣನಿಗೆ ತಿಳಿಸಿ. ದೊಡ್ಡ ಒಟಿಟಿ ವೇದಿಕೆಗಳು ಸೀರೀಸ್ ಒಪ್ಪುವ ಮೊದಲು ಕಥೆಯ ಹಕ್ಕು ಯಾರಿಂದ ಯಾರಿಗೆ ಬಂತು ಎಂಬ ಕಾಗದಗಳನ್ನು ಕೇಳುತ್ತವೆ. ನಿಮ್ಮ ಸಹಿ ಇಲ್ಲದಿದ್ದರೆ ಆ ಸಂಸ್ಥೆಗೂ ಮುಂದೆ ದಾರಿ ಕಷ್ಟ. ನಿಮ್ಮ ಸಹಿ ಅವರಿಗೆ ಬೇಕಾಗಿದೆ. ಅದಕ್ಕೇ ಒಂದು ವಾರದ ಗಡುವು.

ಈಗ ಕರಡಿಗೆ ಬರುತ್ತೇನೆ. ಮೂರನೇ ಅಂಶದ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ‘ಕೃತಿಯ ಸಮಸ್ತ ಹಕ್ಕುಗಳನ್ನು, ಅದರ ಪಾತ್ರಗಳು, ಲೋಕ, ಮುಂದುವರಿಕೆ ಹಾಗೂ ಹಿಂದಿನ ಕಥೆಗಳ ಸಹಿತ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ ವರ್ಗಾಯಿಸಲಾಗಿದೆ.’ ಈ ಒಂದು ವಾಕ್ಯದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಇದಕ್ಕೆ ಸಹಿ ಹಾಕಿದರೆ ಎರಡನೇ ಭಾಗ ಬರೆಯಲು ನೀವೇ ಅವರ ಅನುಮತಿ ಕೇಳಬೇಕು. ಆ ಹುಡುಗಿಯನ್ನು ಇಟ್ಟುಕೊಂಡು ಒಂದು ಸಣ್ಣಕಥೆ ಬರೆದರೂ ತಕರಾರು ಬರಬಹುದು. ವೈಜ್ಞಾನಿಕ ಕಾದಂಬರಿಯಲ್ಲಿ ಈ ‘ಲೋಕ’ ಎಂಬ ಪದ ಬಹಳ ಮುಖ್ಯ. ಸಂಸಾರದ ಕಥೆಯಲ್ಲಿ ಕಥೆ ಮುಗಿದರೆ ಮುಗಿಯಿತು. ನಿಮ್ಮಂಥ ಕಥೆಯಲ್ಲಿ ಯಂತ್ರದ ನಿಯಮಗಳು, ಬತ್ತಿದ ಜಲಾಶಯ, 2090ರ ಊರು ಇವೆಲ್ಲ ಉಳಿಯುತ್ತವೆ, ಅದರ ಮೇಲೆ ಮತ್ತೆ ಹತ್ತು ಕಥೆ ಕಟ್ಟಬಹುದು. ಸೀಸನ್ ಮೇಲೆ ಸೀಸನ್, ಆಟ, ಕಾಮಿಕ್ಸ್ ಎಲ್ಲ ಅದರಿಂದಲೇ ಬರುವುದು. ಅಷ್ಟನ್ನೂ ಅವರು ಮೊದಲ ಸಹಿಯಲ್ಲೇ ಕೇಳಿದ್ದಾರೆ.

ಕಾಯ್ದೆ ನಿಮ್ಮ ಪರವಾಗಿ ಕೆಲವು ಕಾವಲು ಇಟ್ಟಿದೆ. ಅಗ್ರಿಮೆಂಟಿನಲ್ಲಿ ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಸಹಿ ಹಾಕುವಾಗ ವ್ಯಾಪಾರಿ ಬಳಕೆಯಲ್ಲಿ ಇಲ್ಲದ ಮಾಧ್ಯಮ, ಹೆಸರಿಸಿ ಬರೆಯದ ಹೊರತು, ಅದರೊಳಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಲಂ 19ರ ನಾಲ್ಕನೇ ಉಪಕಲಂ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ. ಆದರೆ ಅಲ್ಲೇ ‘ಅಗ್ರಿಮೆಂಟಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ’ ಎಂಬ ಮಾತೂ ಇದೆ. ನಿಮ್ಮ ಕರಡಿನ 11ನೇ ಅಂಶ ನೋಡಿ. ಒಂದೂವರೆ ಸಾಲು, ಅಷ್ಟೇ. ‘ಕಲಂ 19(4)ರ ಉಪಬಂಧಗಳು ಈ ಒಪ್ಪಂದಕ್ಕೆ ಅನ್ವಯಿಸತಕ್ಕದ್ದಲ್ಲ.’ ಹಣದ ಅಂಶವನ್ನು ಎಲ್ಲರೂ ಓದುತ್ತಾರೆ, ಈ ಸಾಲನ್ನು ದಾಟಿ ಹೋಗುತ್ತಾರೆ. ಒಂಬತ್ತು ಪುಟಗಳಲ್ಲಿ ನಿಮಗೆ ಅತಿ ಹೆಚ್ಚು ನಷ್ಟ ಮಾಡಬಲ್ಲ ಸಾಲು ಇದೇ.

ಯಾಕೆ ಎಂದರೆ ಇಂಥ ಕಥೆಗಳು ತೆರೆಗೆ ಬರುವುದು ನಿಧಾನ, ಎಷ್ಟೋ ಸಲ ಬರುವುದೇ ಇಲ್ಲ. ಬತ್ತಿದ ಜಲಾಶಯದ ತಳ, ಕೆಸರಿನಿಂದ ಎದ್ದ ಓಣಿಗಳು, ಭವಿಷ್ಯದ ಊರು ಇವೆಲ್ಲ ಸೆಟ್ ಮತ್ತು ಗ್ರಾಫಿಕ್ಸ್ ಖರ್ಚು. ಸಂಸ್ಥೆ ಹಕ್ಕು ಹಿಡಿದುಕೊಂಡು ವೇದಿಕೆಯಿಂದ ವೇದಿಕೆಗೆ ತಿರುಗುತ್ತದೆ. ಬಜೆಟ್ ಕೇಳಿ ವೇದಿಕೆಯವರು ಹಿಂದೆ ಸರಿಯುತ್ತಾರೆ. ಅಮೆರಿಕದಲ್ಲೂ ಇದೇ ಕಥೆ. ಹ್ಯೂ ಹೌವಿ ಎಂಬ ಲೇಖಕರು 2011ರಲ್ಲಿ ‘ವುಲ್’ ಎಂಬ ಕಥೆಯನ್ನು ತಾವೇ ಪ್ರಕಟಿಸಿದರು. ನೆಲದಡಿಯ ಗೋಪುರದಲ್ಲಿ ಬದುಕುವ ಜನರ ಕಥೆ. 2012ರಲ್ಲೇ ದೊಡ್ಡ ಸ್ಟುಡಿಯೋ ಸಿನಿಮಾ ಹಕ್ಕು ಪಡೆಯಿತು. ಆ ಸಿನಿಮಾ ಬರಲೇ ಇಲ್ಲ. ಹಕ್ಕು ಅಲ್ಲಿಂದ ಕೈಬಿಟ್ಟು ಬಂದ ಮೇಲೆ, 2023ರ ಮೇ ತಿಂಗಳಲ್ಲಿ ಆಪಲ್ ಟಿವಿ ಪ್ಲಸ್‌ನಲ್ಲಿ ‘ಸೈಲೋ’ ಎಂಬ ಸೀರೀಸಾಗಿ ಬಂತು. ಹನ್ನೊಂದು ವರ್ಷ! ಅದೇ ಲೇಖಕರು ದೊಡ್ಡ ಪ್ರಕಾಶಕರಿಗೆ ಅಚ್ಚಿನ ಪುಸ್ತಕದ ಹಕ್ಕನ್ನಷ್ಟೇ ಕೊಟ್ಟು, ಇ-ಪುಸ್ತಕದ್ದನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಹಕ್ಕನ್ನು ಹೀಗೆ ಹಂಚಿ ಕೊಡಬಹುದು ಎಂಬುದು ನಮ್ಮ ಲೇಖಕರಿಗೆ ಯಾರೂ ಹೇಳಿಕೊಡುವುದಿಲ್ಲ.

ನಮ್ಮ ಕಡೆ ಹೊಲದ ವ್ಯವಹಾರ ನಿಮಗೆ ಗೊತ್ತಿರುತ್ತದೆ. ಖರೇದಿ (ಪೂರ್ತಿ ಕೊಳ್ಳುವುದು) ಬೇರೆ, ಲಾವಣಿ (ಗೇಣಿಗೆ ಪಡೆಯುವುದು) ಬೇರೆ, ಸಂಚಕಾರ (ಮುಂಗಡ) ಬೇರೆ. ಸಂಚಕಾರ ಕೊಟ್ಟವರು ಗಡುವಿನೊಳಗೆ ಪೂರ್ತಿ ಹಣ ತಂದು ಖರೇದಿ ಮಾಡಿಕೊಳ್ಳಬೇಕು, ಇಲ್ಲವಾದರೆ ವ್ಯವಹಾರ ಮುರಿಯಿತು. ಕಾದಂಬರಿಗೂ ಈ ಮೂರೂ ದಾರಿ ಇವೆ. ನಿಮ್ಮ ಸಂಸ್ಥೆ ಸಂಚಕಾರದ ಹಣ ಕೊಟ್ಟು ಖರೇದಿ ಬರೆಸಿಕೊಳ್ಳಲು ಬಂದಿದೆ.

ನಾನು ನಿಮಗೆ ಹೇಳುವುದು ಸಂಚಕಾರದ ದಾರಿ. ಸಿನಿಮಾದವರು ಇದನ್ನು ಆಪ್ಷನ್ ಅಗ್ರಿಮೆಂಟ್ ಎನ್ನುತ್ತಾರೆ. ಅದೇ ₹75,000ಕ್ಕೆ 12 ತಿಂಗಳು ಈ ಕಾದಂಬರಿಯನ್ನು ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಬರೆದುಕೊಡಿ. ಬೇಕಾದರೆ ಇನ್ನಷ್ಟು ಹಣ ಕೊಟ್ಟು ಒಂದೇ ಒಂದು ಸಲ 6 ಅಥವಾ 12 ತಿಂಗಳು ಮುಂದುವರಿಸಬಹುದು. ಅಷ್ಟರಲ್ಲಿ ವೇದಿಕೆ ಒಪ್ಪಿದರೆ ಪೂರ್ತಿ ಬೆಲೆ ಕೊಟ್ಟು ಹಕ್ಕು ಪಡೆಯಲಿ. ಆ ಬೆಲೆ ಎಷ್ಟು, ಯಾವಾಗ ಎಂಬುದು ಈಗಲೇ ಕಾಗದದಲ್ಲಿ ಇರಬೇಕು. ಸೀರೀಸಿನ ಒಟ್ಟು ಬಜೆಟ್ಟಿನ ಇಂತಿಷ್ಟು ಪಾಲು ಎಂದು ಬರೆಸಿದರೆ ದೊಡ್ಡ ವೇದಿಕೆ ಬಂದಾಗ ನಿಮಗೂ ದೊಡ್ಡ ಹಣ ಸಿಗುತ್ತದೆ. ಹಕ್ಕು ಪಡೆದ ಮೇಲೂ ಎರಡು ವರ್ಷದೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಎಲ್ಲವೂ ನಿಮಗೆ ವಾಪಸ್ ಬರಬೇಕು, ಕೊಟ್ಟ ಹಣ ನಿಮ್ಮಲ್ಲೇ ಉಳಿಯಬೇಕು. ಈ ಒಂದು ವಾಕ್ಯಕ್ಕಾಗಿ ಬೆಲೆಯಲ್ಲಿ ಸ್ವಲ್ಪ ಇಳಿದರೂ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ದಾರಿಯಲ್ಲೂ ಅಪಾಯವಿದೆ. ಅವರು ವರ್ಷ ಪೂರ್ತಿ ಏನೂ ಮಾಡದೆ ಎದ್ದು ಹೋಗಬಹುದು, ಅಷ್ಟರಲ್ಲಿ ಬೇರೆಯವರು ಕೇಳಿ ಬಂದರೆ ನೀವು ಕೊಡುವಂತಿಲ್ಲ. ಸಣ್ಣ ಸಂಸ್ಥೆಗಳು ‘ಇಷ್ಟೆಲ್ಲ ಷರತ್ತು ಬೇಡ’ ಎಂದು ಬಿಟ್ಟುಹೋಗುವುದೂ ಉಂಟು.

ಲಾವಣಿಯಂತೆ ಕೊಡುವುದು ಇನ್ನೊಂದು. ಒಂದು ಸೀಸನ್, ಕನ್ನಡದಲ್ಲಿ, 7 ಅಥವಾ 10 ವರ್ಷಕ್ಕೆ ಎಂದು ಲೈಸೆನ್ಸ್. ಇದು ನಿಮಗೆ ಹೆಚ್ಚು ಸುರಕ್ಷಿತ. ಆದರೆ ಅಷ್ಟು ಕಿರಿದಾದ ಹಕ್ಕಿನ ಮೇಲೆ ವೇದಿಕೆಗಳು ದೊಡ್ಡ ಹಣ ಹಾಕಲು ಹಿಂಜರಿಯುತ್ತವೆ. ಇಲ್ಲಿ ಒಂದು ಮಧ್ಯದ ದಾರಿ ಇದೆ. ಡಬ್ಬಿಂಗ್, ಸಬ್‌ಟೈಟಲ್ ಎಲ್ಲ ಭಾಷೆಗೂ ಕೊಡಿ. ಬೇರೆ ಭಾಷೆಯಲ್ಲಿ ಹೊಸದಾಗಿ ಚಿತ್ರೀಕರಿಸುವ ಹಕ್ಕನ್ನು ಇಟ್ಟುಕೊಳ್ಳಿ. ಚೀನಾದ ಲಿಯು ತ್ಸಿಶಿನ್ ಅವರ ‘ತ್ರೀ ಬಾಡಿ ಪ್ರಾಬ್ಲಂ’ ಕಾದಂಬರಿ 2023ರಲ್ಲಿ ಚೀನೀ ಭಾಷೆಯಲ್ಲಿ 30 ಕಂತಿನ ಸೀರೀಸಾಯಿತು. 2024ರಲ್ಲಿ ನೆಟ್‌ಫ್ಲಿಕ್ಸ್ ಅದನ್ನೇ ಇಂಗ್ಲಿಷಿನಲ್ಲಿ 8 ಕಂತಿನಲ್ಲಿ ಮಾಡಿತು. ನೆಟ್‌ಫ್ಲಿಕ್ಸ್ ಪಡೆದದ್ದು ಇಂಗ್ಲಿಷ್ ಸೀರೀಸಿನ ಹಕ್ಕು. ಭಾಷೆಯ ಮೇಲೆ ಹಕ್ಕು ಬೇರೆ ಮಾಡಿದ್ದರಿಂದಲೇ ಒಂದು ಕಾದಂಬರಿಗೆ ಎರಡು ಬದುಕು ಸಿಕ್ಕಿತು. ಮುಂದಿನ ಭಾಗಗಳ ವಿಷಯದಲ್ಲಿ ಅವರಿಗೆ ‘ಮೊದಲು ಕೇಳುವ ಅವಕಾಶ’ ಕೊಡಿ, ಹಕ್ಕನ್ನು ಕೊಡಬೇಡಿ. ನೀವು ಬರೆದ ಮೇಲೆ ಮೊದಲು ಅವರಿಗೆ ತೋರಿಸುತ್ತೀರಿ, 60 ದಿನದಲ್ಲಿ ಅವರು ಒಪ್ಪದಿದ್ದರೆ ಬೇರೆಯವರಿಗೆ. ಪುಸ್ತಕ, ಇ-ಪುಸ್ತಕ, ಆಡಿಯೋ ಪುಸ್ತಕ, ರಂಗರೂಪ, ಅನುವಾದ ಇವು ನಿಮ್ಮಲ್ಲೇ ಉಳಿದಿವೆ ಎಂದು ಒಂದೊಂದನ್ನೂ ಹೆಸರು ಹೇಳಿ ಬರೆಸಿ.

ಇದ್ದಂತೆಯೇ ಸಹಿ ಹಾಕುವುದೂ ಒಂದು ದಾರಿ ತಾನೇ? ಹೌದು. ಮನೆಯಲ್ಲಿ ಆಸ್ಪತ್ರೆಯ ಖರ್ಚೋ ಮಗಳ ಫೀಸೋ ಎದುರಿಗಿದ್ದಾಗ ₹75,000 ಸಣ್ಣ ಹಣವಲ್ಲ, ಅದು ನನಗೆ ಗೊತ್ತು. ಹಾಗೇನಾದರೂ ಇದ್ದರೆ ಕನಿಷ್ಠ 11ನೇ ಅಂಶವನ್ನು ಹೊಡೆದು ಹಾಕಿಸಿ. ಮೂರನೇ ಅಂಶದಿಂದ ‘ಲೋಕ, ಮುಂದುವರಿಕೆ’ ತೆಗೆಸಿ. ಈ ಎರಡಕ್ಕೂ ಒಪ್ಪದವರ ಜೊತೆ ಮುಂದೆ ನೆಮ್ಮದಿಯಿಂದ ಕೆಲಸ ಮಾಡುವುದು ಕಷ್ಟ.

ರಾಯಲ್ಟಿ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. 2012ರ ತಿದ್ದುಪಡಿಯಂತೆ, ಸಿನಿಮಾದಲ್ಲಿ ಸೇರಿದ ಸಾಹಿತ್ಯ ಕೃತಿಯ ಲೇಖಕರು, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಯ ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಕಾಯ್ದೆಯ ಕಣ್ಣಿಗೆ ವೆಬ್ ಸೀರೀಸೂ ಸಿನಿಮಾವೇ. ಆದರೆ ಈ ರಕ್ಷಣೆ ಹಾಡು, ಸಂಭಾಷಣೆ ಬರೆದವರಿಗೆ ಮಾತ್ರವೋ ಮೂಲ ಕಾದಂಬರಿಕಾರರಿಗೂ ಉಂಟೋ ಎಂದು ನಮ್ಮ ವಕೀಲರು ವಾದ ಮಾಡುತ್ತಾರೆ. ಆ ವಾದ ಮುಗಿಯಲಿ ಎಂದು ಕಾಯುವ ಬದಲು, ‘ಒಂದು ಸೀಸನ್‌ಗೆ ಇಷ್ಟು, ಹಕ್ಕನ್ನು ಮರುಮಾರಾಟ ಮಾಡಿದರೆ ಇಷ್ಟು’ ಎಂದು ಕರಡಿನಲ್ಲೇ ಬರೆಸುವುದು ಒಳ್ಳೆಯದು.

ಈಗ ಕಥೆ ಬದಲಾಯಿಸುವ ಪ್ರಶ್ನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಇದೇ. ಮುಳುಗಡೆಯಾದವರ ಮನೆಯಿಂದ ಬಂದ ಕಥೆ ಅದು. ಊರು ಬಿಟ್ಟ ನೋವನ್ನು ತೆಗೆದು ಬರೀ ಯಂತ್ರದ ಆಟ ಉಳಿಸಿದರೆ ಕಾದಂಬರಿಯಲ್ಲಿ ಉಳಿಯುವುದೇನು? ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು, ಬದಲಾವಣೆ ಇಲ್ಲದೆ ಕಾದಂಬರಿ ಸೀರೀಸಾಗುವುದಿಲ್ಲ. ಮೇಲೆ ಹೇಳಿದ ‘ತ್ರೀ ಬಾಡಿ ಪ್ರಾಬ್ಲಂ’ನ ಇಂಗ್ಲಿಷ್ ಸೀರೀಸಿನಲ್ಲಿ ಇಂದಿನ ಕಾಲದ ಕಥೆಯನ್ನು ಚೀನಾದಿಂದ ಲಂಡನ್ನಿಗೆ ಒಯ್ದರು, ಹೊಸ ಪಾತ್ರಗಳ ಗುಂಪನ್ನೇ ಕಟ್ಟಿದರು. ಆದರೆ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದ ಆ ಮೊದಲ ಹಿಂಸೆಯ ದೃಶ್ಯವನ್ನು ಬಿಡಲಿಲ್ಲ. ಕಥೆಯ ಬೇರು ಅಲ್ಲಿದೆ. ನಿಮ್ಮ ಕಥೆಯ ಬೇರು ಮುಳುಗಡೆ.

ಕಾಯ್ದೆಯ ಕಲಂ 57 ಇಲ್ಲಿ ನಿಮ್ಮ ಪರ. ಹಕ್ಕು ಮಾರಿದ ಮೇಲೂ, ಕೃತಿಯನ್ನು ಲೇಖಕರ ಮರ್ಯಾದೆಗೆ ಧಕ್ಕೆ ಬರುವಂತೆ ತಿರುಚಿದರೆ ತಡೆಯುವ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಸಿನಿಮಾಕ್ಕೆ ಕೊಟ್ಟಿದ್ದರು. ಅದನ್ನು ತಿರುಚಿದ್ದಾರೆ ಎಂದು 1986ರಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. ಸಿನಿಮಾಕ್ಕೆ ಬೇಕಾದ ಬದಲಾವಣೆ ಸಹಜ, ಆದರೆ ಕೊಂಡವರು ಏನು ಬೇಕಾದರೂ ಮಾಡುವಂತಿಲ್ಲ ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ಕೊನೆಗೆ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ನಿಮ್ಮ ಕರಡಿನ 14ನೇ ಅಂಶ ಈ ಹಕ್ಕನ್ನೇ ‘ಬಿಟ್ಟುಕೊಟ್ಟಿದ್ದೇನೆ’ ಎನ್ನುತ್ತದೆ. ಅದನ್ನು ತೆಗೆಸಿ. ಆದರೆ ಕಲಂ 57 ಒಂದನ್ನೇ ನಂಬಿ ಕೂರಬೇಡಿ. ಸೀರೀಸ್ ಪೂರ್ತಿಯಾದ ಮೇಲೆ ಕೋರ್ಟಿಗೆ ಹೋಗುವುದು ಹಣ, ಸಮಯ, ಮನಸ್ಸು ಎಲ್ಲವನ್ನೂ ತಿನ್ನುತ್ತದೆ. ಬದಲಿಗೆ ಒಂದು ಪುಟದ ಅನುಬಂಧ ಸೇರಿಸಿ. ಕಥೆ ನಡೆಯುವುದು ಬಾಗಲಕೋಟೆಯಲ್ಲೇ. ಮುಳುಗಡೆಯೇ ಕಥೆಯ ಹಿನ್ನೆಲೆ. ಮುತ್ತಜ್ಜಿಯ ಮಾತು ಈ ಕಡೆಯ ಕನ್ನಡದಲ್ಲೇ ಇರಬೇಕು. ಚಿತ್ರಕಥೆ ಮುಗಿದ ಮೇಲೆ ನಿಮಗೆ ಓದಲು ಕೊಡಬೇಕು, ನಿಮ್ಮ ಅಭಿಪ್ರಾಯ ಕೇಳಬೇಕು. ಪ್ರತಿ ಕಂತಿನ ಶುರುವಿನಲ್ಲಿ ‘ಇಂಥವರ ಕಾದಂಬರಿ ಆಧಾರಿತ’ ಎಂಬ ಕಾರ್ಡ್ ಬರಬೇಕು. ಇಂಥ ಮೂರು ನಾಲ್ಕು ವಿಷಯಗಳಿಗೆ ಸಂಸ್ಥೆಗಳು ಒಪ್ಪುತ್ತವೆ. ‘ಒಂದಕ್ಷರ ಬದಲಿಸಬಾರದು’ ಎಂದರೆ ಒಪ್ಪುವುದಿಲ್ಲ.

ಚಿತ್ರಕಥೆ ಬರೆಯುವ ತಂಡದಲ್ಲಿ ನಿಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಬಹುದು. ‘ದಿ ಎಕ್ಸ್‌ಪಾನ್ಸ್’ ಸೀರೀಸಿನಲ್ಲಿ ಮೂಲ ಕಾದಂಬರಿ ಬರೆದ ಇಬ್ಬರೂ ಬರಹಗಾರರ ತಂಡದಲ್ಲಿದ್ದರು. ಸೇರುವುದಾದರೆ ಅದಕ್ಕೆ ಬೇರೆ ಅಗ್ರಿಮೆಂಟ್, ಬೇರೆ ಸಂಭಾವನೆ ಇರಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ, ತಂಡದಲ್ಲಿ ಕೂತು ನೀವು ಹೇಳಿದ ಎರಡನೇ ಭಾಗದ ಕಥೆ ಸಂಸ್ಥೆಗಾಗಿ ಮಾಡಿದ ಕೆಲಸ ಎಂದಾಗಿಬಿಡಬಹುದು.

ಇನ್ನೊಂದು ಅಂಶ, ಯಾರೂ ಗಮನಿಸದ್ದು. 17ನೇ ಅಂಶದಂತೆ ಯಾರಾದರೂ ಈ ಕಥೆಯ ಮೇಲೆ ದಾವೆ ಹೂಡಿದರೆ ಸಂಸ್ಥೆಯ ಎಲ್ಲ ನಷ್ಟ, ವಕೀಲರ ಖರ್ಚು ನಿಮ್ಮ ತಲೆಗೆ. ಮಿತಿ ಇಲ್ಲ. ₹75,000 ಪಡೆದು ಕೋಟಿಯ ಹೊಣೆ ಹೊರುವುದು ಯಾವ ನ್ಯಾಯ? ‘ನನಗೆ ಬಂದ ಹಣದ ಮಿತಿಯೊಳಗೆ, ಕೋರ್ಟ್ ತೀರ್ಮಾನಿಸಿದ ಮೇಲೆ’ ಎಂದು ಬದಲಿಸಲು ಹೇಳಿ. ಜೊತೆಗೆ ಕಾದಂಬರಿಯನ್ನು ಈ ಕಣ್ಣಿನಿಂದ ನೀವೇ ಒಮ್ಮೆ ಓದಿ. ಒಂದು ಗೋಡೆಯಿಂದ ಬೇಂದ್ರೆಯವರ ಕವಿತೆಯ ನಾಲ್ಕು ಸಾಲು ಕೇಳಿಸುತ್ತದೆ ಎಂದು ಬರೆದಿದ್ದೀರಿ, ಚೆಂದದ ಜಾಗ ಅದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ವಾರಸುದಾರರದು. ಸೀರೀಸಿನಲ್ಲಿ ಅದನ್ನು ಹಾಡಿಸಬೇಕಾದರೆ ಅನುಮತಿ ಬೇಕು, ಅದನ್ನು ತರುವ ಹೊಣೆ ಸಂಸ್ಥೆಯದು ಎಂದು ಬರೆಸಿ. 12ನೇ ಶತಮಾನದ ವಚನಗಳಿಗೆ ಈ ತೊಡಕಿಲ್ಲ. ಪಾತ್ರಗಳಲ್ಲಿ ನಿಮ್ಮ ಓಣಿಯ ಯಾರದಾದರೂ ಗುರುತು ಎದ್ದು ಕಾಣುತ್ತಿದ್ದರೆ ಅದನ್ನೂ ಈಗಲೇ ಸಂಸ್ಥೆಗೆ ತಿಳಿಸಿ.

ಕೊನೆಯ ಪುಟದಲ್ಲಿ, ವ್ಯಾಜ್ಯ ಬಂದರೆ ಮುಂಬೈಯಲ್ಲಿ ಮಧ್ಯಸ್ಥಿಕೆ ಎಂದಿದೆ. ಕೃತಿಸ್ವಾಮ್ಯ ಕಾಯ್ದೆಯ ಕಲಂ 62 ಲೇಖಕರಿಗೆ ದೊಡ್ಡ ಸೌಲಭ್ಯ ಕೊಟ್ಟಿದೆ. ಹಕ್ಕು ಉಲ್ಲಂಘನೆಯಾದರೆ ನೀವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ನಿಮಗೆ ಅದು ಬಾಗಲಕೋಟೆ. ಮುಂಬೈ ಎಂದು ಸಹಿ ಹಾಕಿದರೆ ಈ ಸೌಲಭ್ಯ ಕೈತಪ್ಪಬಹುದು. ಹೋಗಿ ಬರುವ ರೈಲಿನ ಖರ್ಚಿಗೇ ಹೆದರಿ ಜನ ಹಕ್ಕು ಬಿಟ್ಟುಬಿಡುವುದನ್ನು ಬೆಳಗಾವಿ ಕೋರ್ಟಿನಲ್ಲಿ ಜನಪದ ಹಾಡುಗಾರರ ಪ್ರಕರಣಗಳಲ್ಲಿ ಬಹಳ ಸಲ ನೋಡಿದ್ದೇನೆ. ಬಾಗಲಕೋಟೆ ಎಂದು ಕೇಳಿ, ಒಪ್ಪದಿದ್ದರೆ ಬೆಂಗಳೂರಿನವರೆಗೆ ಬನ್ನಿ, ಅದರಾಚೆಗೆ ಬೇಡ.

ಈ ವಾರ ಮಾಡಬೇಕಾದ್ದು ಇಷ್ಟು. ಸಂಸ್ಥೆಗೆ ‘ಆಸಕ್ತಿ ಇದೆ, ಕರಡನ್ನು ವಕೀಲರಿಗೆ ತೋರಿಸುತ್ತಿದ್ದೇನೆ, ಮೂರು ವಾರ ಬೇಕು’ ಎಂದು ಬರೆಯಿರಿ. ನಿಜವಾಗಿ ಸೀರೀಸ್ ಮಾಡುವವರು ಮೂರು ವಾರ ಕಾಯುತ್ತಾರೆ. ಅಲ್ಲಿಯವರೆಗೆ ಅಡ್ವಾನ್ಸ್ ಎಂದು ಖಾತೆಗೆ ಹಣ ಹಾಕುತ್ತೇವೆ ಎಂದರೆ ಬೇಡ ಅನ್ನಿ. ವಾಟ್ಸಾಪ್‌ನಲ್ಲಿ ‘ಓಕೆ ಸರ್’ ಎಂದು ಕೂಡ ಬರೆಯಬೇಡಿ. ವಕೀಲರ ಫೀಸಿನ ಚಿಂತೆ ಇದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಹೋಗುವಾಗ ಒಂಬತ್ತೂ ಪುಟದ ಪ್ರಿಂಟ್, ಪುಸ್ತಕದ ಒಂದು ಪ್ರತಿ, ಆ ಫೋನು, ಪ್ರಕಾಶಕರು ಪತ್ರ ಕೊಟ್ಟಿದ್ದರೆ ಅದು, ಇಷ್ಟನ್ನು ಒಯ್ಯಿರಿ. 3, 11, 14, 17ನೇ ಅಂಶಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಹೋದರೆ ಅವರಿಗೂ ಕೆಲಸ ಸುಲಭ.